ಬೂದಿ ಬುಧವಾರದ ಸೌದೆ

ಬಾಸೆಲ್,
೧೫೨೯ ಫೆಬ್ರವರಿ ೧೨, ಶುಕ್ರವಾರ

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವನ್ನು ವಿಚಾರಿಸುವ ಮೊದಲು ಎದೆ ಮುಟ್ಟಿಕೊಂಡು ಒಂದು ಪಾಪ ನಿವೇದಿಸಿಕೊಳ್ಳುತ್ತೇನೆ: ನಿನ್ನ ಮಗ ಕಳ್ಳನಾಗಿದ್ದಾನೆ. ನಗರಸಭೆಗೆ ಸೇರಿದ ಸೌದೆಯಲ್ಲಿ ಹೆಬ್ಬೆರಳು ಗಾತ್ರದ ಒಂದು ಚೂರನ್ನು ಅಂಗಿಯೊಳಗೆ ಅಡಗಿಸಿ ತಂದಿದ್ದಾನೆ. ಪಾಪ ಕೇಳುವ ಪಾದ್ರಿಗಳೆಲ್ಲ ಊರು ಬಿಟ್ಟಿರುವುದರಿಂದ ನೀನೇ ಕ್ಷಮಿಸಬೇಕು. ಚೂರನ್ನು ಬಟ್ಟೆಯಲ್ಲಿ ಸುತ್ತಿ ಇದರ ಜೊತೆಗೇ ಕಳಿಸಿದ್ದೇನೆ; ಒಲೆಗೆ ಹಾಕಬೇಡ. ಈಗ ಹೇಳು, ಮಂಡಿ ಹೇಗಿದೆ? ನೀನು ಅಡುಗೆ ಮಾಡಿಹಾಕುವ ಪಾದ್ರಿಗಳು ನಿನ್ನನ್ನೂ ಕರೆದುಕೊಂಡು ಫ್ರೈಬರ್ಗಿಗೆ ಹೋದಮೇಲಾದರೂ ಸಾರಿಗೆ ಈರುಳ್ಳಿ ಹೆಚ್ಚಾಯಿತೆಂದು ಗೊಣಗುವುದನ್ನು ಬಿಟ್ಟರೋ ಇಲ್ಲವೋ?

ಇಲ್ಲಿಯ ಸುದ್ದಿ ಅಲ್ಲಿಗೆ ಈ ಪತ್ರಕ್ಕಿಂತ ಮೊದಲೇ ತಲುಪಿರಬೇಕು. ವಿಗ್ರಹ ಎಂದರೆ ಮೂರ್ತಿಯೂ ಹೌದು, ಕಾಳಗವೂ ಹೌದು. ನಮ್ಮವರು ಮಂಗಳವಾರ ಎರಡನೆಯದನ್ನು ಹೂಡಿ ಮೊದಲನೆಯದನ್ನು ಮುಗಿಸಿದರು. ನಮ್ಮವರು ಎಂದೆ, ಯಾಕೆಂದರೆ ಅಚ್ಚುಮನೆಯಲ್ಲಿ ಕರಡು ತಿದ್ದುವ ನಾನೂ ಮೂರ್ತಿಪೂಜೆ ಬೇಡವೆನ್ನುವ ಹೊಸ ಮತಕ್ಕೆ ಮತ ಕೊಟ್ಟವನೇ. ಕುಶಲಕರ್ಮಿಗಳ ಸಂಘದವರು ಧಾನ್ಯಪೇಟೆಯಲ್ಲಿ ಫಿರಂಗಿ ನಿಲ್ಲಿಸಿ ನಗರಸಭೆಯ ತೀರ್ಮಾನಕ್ಕೆ ಕಾದರು. ಕಾದು ಕಾದು ತಲೆಯೂ ಕಾಯಿತು. ಗುಂಪೊಂದು ಗುಡ್ಡ ಹತ್ತಿ ದೊಡ್ಡ ಚರ್ಚಿನ ಬಾಗಿಲು ಮುರಿಯಿತು. ವೇಷದ ಹಬ್ಬವಲ್ಲವೇ, ಕೆಲವರ ಮುಖದಲ್ಲಿ ಆಡಿನ ಮುಖವಾಡ ಇನ್ನೂ ಹಾಗೇ ಇತ್ತು. ಶಿಲುಬೆಗೆ ಹಗ್ಗ ಬಿಗಿದು ಬೀದಿಗೆಳೆದರು. ಕಲ್ಲಿನ ಸಂತರ ತಲೆ ಹಾರಿತು, ಮರದ ಸಂತರ ಹೊಟ್ಟೆ ಸೀಳಿತು. ಸಂತರೆಲ್ಲ ಸಂತೆಗೆ ಬಿದ್ದರು. ಕಿಟಕಿಯ ಬಣ್ಣದ ಗಾಜು ತಲೆಯ ಮೇಲೆ ಸುರಿದು, ಒಡೆಯುವವರ ಮುಖದಲ್ಲೇ ರಕ್ತ ಇಳಿಯುತ್ತಿತ್ತು. ಗಂಟೆ ಬಾರಿಸುವ ನಮ್ಮ ಮುದುಕ ಫ್ರಿಡೊಲಿನ್‌ನನ್ನು ಯಾವುದೋ ನೂಕುನುಗ್ಗಲಲ್ಲಿ ತುಳಿದು, ಕೈ ಮುರಿದು, ಹಲ್ಲು ಉದುರಿಸಿದರು.

ಇನ್ನು ಅಪ್ಪ ಮರದಲ್ಲಿ ಕೆತ್ತಿದ ಸಂತ ಅನ್ನಮ್ಮ. ಅಪ್ಪ ಅವಳಿಗೆ ನಿನ್ನ ಮುಖವನ್ನೇ ಕೊಟ್ಟು, ನಿನ್ನೊಡನೆ ಮೀನಿಗಾಗಿ ಕಿತ್ತಾಡುವ ಹೆಂಗಸರೆಲ್ಲ ಭಾನುವಾರ ನಿನ್ನೆದುರೇ ಮಂಡಿಯೂರುವಂತೆ ಮಾಡಿದ್ದನಲ್ಲ! ಗಾಡಿ ಹತ್ತುವಾಗ ನೀನು ಹೇಳಿದ್ದನ್ನು ನಾನು ಮರೆತಿರಲಿಲ್ಲ: "ನಿಮ್ಮಪ್ಪನ ಕೈಕೆಲಸಕ್ಕೆ ಈ ಊರಿನೋರು ಕೊಡಲಿ ಹಾಕಿದ್ರೆ, ನಾನು ಇಲ್ಲಿ ನೀರೂ ಮುಟ್ಟಲ್ಲ." ಕಟುಕರ ಊರ್ಸ್ ಕೊಡಲಿ ಹಿಡಿದು ಅವಳ ಮುಂದೆ ಬಂದ, ಅವನಿಗೆ ಆ ಮುಖ ಗೊತ್ತಿಲ್ಲವೇ! "ಏನ್ ಪಂಡಿತ್ರೇ, ಇದು ದೇವ್ರೋ, ನಿಮ್ಮಮ್ಮನೋ? ದೇವ್ರಾದ್ರೆ ಒಡೀರಿ. ಅಮ್ಮ ಆದ್ರೆ ಮನೆಗೆ ಕರ್ಕೊಂಡ್ ಹೋಗಿ" ಎಂದ. ಆಡಿನ ಮುಖಗಳೆಲ್ಲ ನನ್ನತ್ತ ತಿರುಗಿದವು. ನಾನು ಎರಡೂ ಕೈ ಚಾಚಿ ಅವಳಿಗೆ ಅಡ್ಡ ನಿಂತು, "ನಮ್ಮಮ್ಮನೇ ಕಣಯ್ಯಾ, ಮುಟ್ಟಿ ನೋಡು" ಎಂದೆ. ದೊಣ್ಣೆಯೇಟಿಗೆ ಹಣೆ ಒಡೆದು ಕಣ್ಣಿಗೆ ರಕ್ತ ಇಳಿದರೂ ಕದಲಲಿಲ್ಲ. ಗಾಯ ಇನ್ನೂ ಮಾಗಿಲ್ಲ, ನೀನೇ ಬಂದು ನೋಡುವೆಯಂತೆ.

ಮರುದಿನ ಮರದ ಮೂರ್ತಿಗಳನ್ನು ಬಡವರಿಗೆ ಸೌದೆಯಾಗಿ ಹಂಚಹೊರಟರು. ಒಬ್ಬ ಸಂತನ ಕಾಲಿಗಾಗಿ ಇಬ್ಬರು ಬಡವರು ಪರಸ್ಪರ ತಲೆ ಒಡೆದುಕೊಂಡರು. ಜಗಳ ಬಗೆಹರಿಯದೆ ಎಲ್ಲವನ್ನೂ ರಾಶಿ ಹಾಕಿ ಸುಟ್ಟರು. ಅನ್ನಮ್ಮನೂ ಅದರಲ್ಲೇ ಹೋದಳು, ಆದರೆ ಕೊಡಲಿಯೇಟಿಲ್ಲದೆ. ಬೆಂಕಿಗೆ ಯಾವ ಊರು, ಯಾವ ಮತ? ಬೂದಿ ಬುಧವಾರದಂದು ಹಣೆಗೆ ಹಚ್ಚಿಸಿಕೊಳ್ಳುವ ಬೂದಿಗಾಗಿ ಈ ಸಲ ಯಾರೂ ಚರ್ಚಿಗೆ ಹೋಗಬೇಕಾಗಲಿಲ್ಲ. ಅದೇ ಹಾರಿ ಬಂದು ಎಲ್ಲರ ಹಣೆಗೂ ಹತ್ತಿತು. ಹಾಗಾಗಿ ನಿನ್ನ ಶಪಥಕ್ಕೆ ಭಂಗವಿಲ್ಲ, ನೀನು ಊರಿಗೆ ಮರಳಬಹುದು.

ಪಾದ್ರಿಗಳಿಗೆ ನನ್ನ ನಮಸ್ಕಾರ, ನಿನ್ನ ಕೈಗಳಿಗೆ ಮುತ್ತು.

ನಿನ್ನ ಮಗ,
ತೆಯೊಬಾಲ್ಡ್

ಒಂದು ಮಾತು ಮರೆತಿದ್ದೆ; ಗಾಡಿಯವನು ಬಾಗಿಲಲ್ಲಿ ಅವಸರಿಸುತ್ತಿದ್ದಾನೆ. ಚೂರಿಗೆ ಸುತ್ತಿದ ಬಟ್ಟೆ ಬಿಚ್ಚಿದೊಡನೆ ನೀನು ಗುರುತು ಹಿಡಿಯುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ಅದು ನಿನ್ನ ಮೂಗು. ಅನ್ನಮ್ಮನಿಗೆ ಅಡ್ಡ ನಿಂತವನು ನಾನಲ್ಲ, ಫ್ರಿಡೊಲಿನ್. "ಅಮ್ಮ" ಎಂದವನೂ ಅವನೇ, ಅವನನ್ನು ತುಳಿದದ್ದೂ ಆಗಲೇ. ಆಮೇಲೆ ಊರ್ಸ್ ಕೊಡಲಿಯನ್ನು ನನ್ನ ಕೈಗಿತ್ತ. "ಈಕೆ ಯಾರೋ ನಂಗೊತ್ತಿಲ್ಲ" ಎಂದೆ, ಬೀಸಿದೆ. ನನ್ನ ಹಣೆ ಒಡೆದದ್ದು ಯಾರ ದೊಣ್ಣೆಯಿಂದಲೂ ಅಲ್ಲ, ಅಮ್ಮಾ. ಆ ಮೂಗೇ ಸಿಡಿದು ಬಂದು ಬಡಿಯಿತು.