ಅಡುಗೆಮನೆಯ ಮೇಲಿನ ಮೋಡ

ನವೆಂಬರ್ 18

ಇವತ್ತೂ ಲ್ಯಾಬ್‌ಗೆ ಲೇಟು. ಜ್ಞಾನಭಾರತಿ ಗೇಟ್‌ನಲ್ಲೇ ಬಸ್ಸು ನಿಂತುಬಿಟ್ಟಿತು. ಜೊತೆಗೇ ಪಿಎಚ್‌ಡಿ ಮಾಡುವ ಗೌತಮ್ ಆಗಲೇ ಉಪಗ್ರಹದ ಚಿತ್ರ ಇಳಿಸಿಕೊಂಡಿದ್ದ. ಬಂಗಾಳ ಕೊಲ್ಲಿಯಲ್ಲಿ ಸುಳಿ ಕಟ್ಟುತ್ತಿದೆ. ಚಂಡಮಾರುತದ ಸುತ್ತ ನೀರಾವಿ ಹೇಗೆ ಸುತ್ತುತ್ತದೆ ಅನ್ನುವುದೇ ನನ್ನ ಪಿಎಚ್‌ಡಿ. ಚೆನ್ನೈನವರಿಗೆ ಗಂಡಾಂತರ, ನನಗೆ ಹಬ್ಬ... ಛೇ.

ಸಂಜೆ ಓನರ್ ಹನುಮಂತಯ್ಯನವರು ಅಂಗಳದಲ್ಲೇ ಹಿಡಿದುಕೊಂಡರು. "ಮಳೆ ಮೇಡಂ, ಶುಕ್ರವಾರ ಮೋಲ್ಡಿಂಗ್ ಹಾಕ್ಸಣಾ ಅಂತ. ಮಳೆ ಬರಲ್ಲ ತಾನೇ?"

ಮಹಡಿ ಮೇಲೆ ಮಗಳು ಮಾನಸಳಿಗೆ ಒಂದು ರೂಮು, ಒಂದು ಅಡುಗೆಮನೆ ಕಟ್ಟಿಸುತ್ತಿದ್ದಾರೆ; ಗೋಡೆ ಎದ್ದಿದೆ, ತಾರಸಿಗೆ ಕಾಂಕ್ರೀಟ್ ಹಾಕುವುದು ಬಾಕಿ. ಗಂಡನ ಮನೆ ಬಿಟ್ಟು ಮಗು ಎತ್ತಿಕೊಂಡು ಬಂದವಳು. ಅಂದಿನಿಂದ ಅಮ್ಮ ವಿಮಲಮ್ಮನ ಒಲೆ, ವಿಮಲಮ್ಮನ ಮಾತು. "ನಂಗೆ ಬೇಕನ್ಸಿದಾಗ ಒಂದ್ ಲೋಟ ಕಾಫಿ ಮಾಡ್ಕೊಂಡ್ ಕುಡೀಬೇಕು ಕಣ್ರೀ, ಅಷ್ಟೇ," ಅಂದಿದ್ದಳು ನನ್ನ ಹತ್ತಿರ.

ನೋಡಿ ಹೇಳ್ತೀನಿ ಅಂಕಲ್ ಅಂದೆ.

ನವೆಂಬರ್ 20

ನೀರಾವಿ ಚಿತ್ರ ತೆಗೆದೆ. ಬೆಂಗಳೂರಿನ ಮೇಲೆ ಕಪ್ಪೋ ಕಪ್ಪು— ಅಂದರೆ ಒಣ ಗಾಳಿ. "ಧೈರ್ಯವಾಗಿ ಹಾಕ್ಸಿ ಅಂಕಲ್!" ಮಾನಸ ಬಾಗಿಲ ಹಿಂದೆ ನಿಂತು ನಕ್ಕಳು. ಅವಳ ನಗು ನೋಡಿ ನನಗೇ ಕೋಡು ಬಂದ ಹಾಗಾಯಿತು.

ನವೆಂಬರ್ 22, ರಾತ್ರಿ



ಬೆಳಿಗ್ಗೆ ಪೂಜೆ, ತೆಂಗಿನಕಾಯಿ, ಕೆಲಸದವರಿಗೆ ಬಿರಿಯಾನಿ. ಕಾಂಕ್ರೀಟ್ ಹಾಕಿ ಮುಗಿಸುವಷ್ಟರಲ್ಲಿ ಹನಿ. ಆಮೇಲೆ ಬಿಡದ ಮಳೆ. ಮೇಸ್ತ್ರಿ ರೇವಣಸಿದ್ದಪ್ಪ "ಟಾರ್ಪಾಲ್ ಹಿಡೀರೋ!" ಅಂತ ಕೂಗಿದರು. ಇದ್ದ ಟಾರ್ಪಾಲ್ ರೂಮಿಗಷ್ಟೇ ಸಾಕಾಯಿತು. ಒಂದು ಮೂಲೆ ನಾನು, ಇನ್ನೊಂದು ಮೂಲೆ ಮಾನಸ. ಅಡುಗೆಮನೆ ಕಡೆಯಿಂದ ಸಿಮೆಂಟಿನ ನೀರು ಬೆಳ್ಳಗೆ ಹರಿದು ಹೋಯಿತು. ಮಾನಸ ಅದನ್ನೇ ನೋಡುತ್ತ ನಿಂತಳು.

ಗೌತಮ್‌ಗೆ ಫೋನ್ ಮಾಡಿದೆ. "ನೀರಾವಿ ಚಿತ್ರ ಒಂದೇ ನೋಡಿದ್ಯಾ? ಅದು ಮೇಲಿನ ಗಾಳೀದು ಕಣೇ. ಕೆಳಗಿನ ಮೋಡ ಅದ್ರಲ್ಲಿ ಎಲ್ಲಿ ಕಾಣತ್ತೆ?"

ಜೂನಿಯರ್‌ಗಳಿಗೆ ನಾನೇ ಹೇಳಿಕೊಡುವ ಪಾಠ. ಅಂಕಲ್‌ಗೆ ಹೌದು ಅನ್ನುವ ಆಸೆಗೆ ಬಿದ್ದು ಬೇರೆ ಚಿತ್ರ ತೆಗೆಯಲೇ ಇಲ್ಲ. ನಾಚಿಕೆಯಾಗುತ್ತಿದೆ.

ನವೆಂಬರ್ 27

ರೂಮು ಉಳಿಯಿತು. ಅಡುಗೆಮನೆಯ ಸ್ಲ್ಯಾಬ್ ಒಡೆಯುತ್ತಿದ್ದಾರೆ. ಸುತ್ತಿಗೆ ಸದ್ದು ತಲೆಯೊಳಗೇ ಬಿದ್ದಂತಿದೆ. ವಿಮಲಮ್ಮ ನನಗೆ ಕೇಳಲೆಂದೇ ಅಂದರು: "ಸ್ಯಾಟಲೈಟಂತೆ ಸ್ಯಾಟಲೈಟು! ಕತ್ತೆತ್ತಿ ನೋಡಿದ್ರೆ ಆಗ್ತಿರ್ಲಿಲ್ವಾ?" ಬೇರೆ ಮನೆ ನೋಡಬೇಕು.

ಡಿಸೆಂಬರ್ 9, ಸಂಜೆ

ಮಾನಸ ಬಂದಳು. ಅವತ್ತಿನಿಂದ ಮಾತಿಲ್ಲ, ಇವತ್ತೇ ಮೊದಲು.

"ಅಡುಗೆಮನೇಗೆ ಮತ್ತೆ ಮೋಲ್ಡಿಂಗ್. ಯಾವತ್ತು ಹಾಕ್ಸಣ?"

"ನನ್ನ ಕೇಳ್ಬೇಡಿ ಮಾನಸ. ನಂಗೆ ಭಯ ಆಗತ್ತೆ."

"ಹೋದ್ಸಲ ಭಯ ಇತ್ತಾ?"

"ಇರ್ಲಿಲ್ಲ."

"ಅದಕ್ಕೇ ಕೇಳೋಕ್ ಬಂದಿದೀನಿ."

ಕಣ್ಣು ತುಂಬಿತು. ಲ್ಯಾಪ್‌ಟಾಪ್ ತೆರೆದೆ. ಅವಳು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಿದ್ದಾಳೆ. ಈ ಸಲ ಕೆಳಗಿನ ಮೋಡವೇ ಮೊದಲು. ನೆಟ್ ಸ್ಲೋ, ಅದು ಬರುವಷ್ಟರಲ್ಲಿ ಇದಿಷ್ಟು ಗೀಚುತ್ತಿದ್ದೇನೆ. ಹಾಂ, ಬಂತು. ನಮ್ಮ ಕೆಂಗೇರಿ ಮೇಲೆ—