ಜಗುಲಿಯ ಬೀಗ

ಒಹಾಯೊ
ಫೆಬ್ರವರಿ ೧೬, ಭಾನುವಾರ

ಪ್ರೀತಿಯ ವಿಲ್ಮಕ್ಕ,

ಫೋನ್ ಮಾಡಿದರೆ ನೀನು ಬೈಯುತ್ತೀಯ, ಬೈಸಿಕೊಳ್ಳುವ ಶಕ್ತಿ ನನಗಿಲ್ಲ. ಅದಕ್ಕೇ ಕಾಗದ. ನಿಂತು ನಿಂತು ಕಾಲು ಮರಗಟ್ಟಿದೆ, ತೊಳೆಯುವ ಪಾತ್ರೆ ಹಾಗೇ ಬಿದ್ದಿದೆ.

ನಮ್ಮ ಆರೈಕೆ ಮನೆಯ ಓಪಲಜ್ಜಿ ನಿನಗೆ ಗೊತ್ತಲ್ಲ, ಕೈ ನಡುಗುತ್ತದಲ್ಲ, ಅವಳೇ. ಪ್ರತಿ ಗುರುವಾರ ಬೆಳಿಗ್ಗೆ ಜಗುಲಿಗೆ ಹೋಗಿ ಕಸದ ಲಾರಿಯವನಿಗೆ ಕೈಬೀಸಬೇಕು, ಅವನು ಹಾರ್ನ್ ಒತ್ತಬೇಕು. ಅವಳ ವಾರವೆಲ್ಲ ಅಷ್ಟರಲ್ಲೇ ಇದೆ. ಜನವರಿಯಲ್ಲಿ ಹಿಮದ ಮೇಲೆ ಜಾರಿ ಬಿದ್ದಳು. ಅವಳ ಒಳ್ಳೆಯದಕ್ಕೇ ಅಂತ ನಾನು ಜಗುಲಿ ಬಾಗಿಲಿಗೆ ಬೀಗ ಹಾಕಿದೆ. ಲಾರಿ ಹಾರ್ನ್ ಒತ್ತಿಕೊಂಡು ಹೋಯಿತು, ಅವಳು ಕಿಟಕಿಗೆ ಮೂಗು ಹಚ್ಚಿ ನಿಂತಿದ್ದಳು. "ಬಿದ್ರೆ ಬೀಳೋಳು ನಾನು. ನಿನ್ ಗಂಟೇನು ಹೋಗತ್ತೆ?" ಅಂದಳು.

ದೂರು ಹೋಯಿತು. ನಿವಾಸಿಗಳ ಹಕ್ಕು ನೋಡಿಕೊಳ್ಳುವ ಅಧಿಕಾರಿ ಬರುತ್ತಾರೆ ಅಂತ ಗೊತ್ತಾದ ಕೂಡಲೇ ಮೇಲ್ವಿಚಾರಕ ಲೈಲ್ ನನ್ನನ್ನು ಮೂಲೆಗೆ ಕರೆದ. "ಬಾಗ್ಲು ಚಳಿಗೆ ಕಚ್ಕೊಂಡಿತ್ತು ಅನ್ನು. ಬೀಗದ ಸುದ್ದಿ ಎತ್ಬೇಡ. ಕೆಲಸ ಬೇಕೋ ಬೇಡ್ವೋ?" ಅಂದ. ಬೇಕು ಅಕ್ಕ, ನಿನಗೇ ಗೊತ್ತು.

ಬಂದವರು ಗ್ರೆಟಾ ನೋವಾಕ್ ಎಂಬಾಕೆ. ಒದ್ದೆ ಬೂಟು, ಕೆಮ್ಮು ಬೇರೆ, ನನಗಿಂತ ಸುಸ್ತಾಗಿದ್ದರು. ಬಾಗಿಲಿಗೆ ಬೀಗ ಯಾರು ಹಾಕಿದ್ದು ಅಂತ ಕೇಳಿದರು. ನಾನೇ ಅಂದೆ. ಲೈಲ್ ಸೂರು ನೋಡಿದ. ಆಕೆ ಬೈಯಲಿಲ್ಲ. "ಹೆದರಿಕೆ ನಿಮ್ದು, ಬೀಗ ಅವರಿಗಾ?" ಅಂದವರೇ ಓಪಲಜ್ಜಿಯನ್ನೂ ಅಡುಗೆಮನೆ ಮೇಜಿಗೆ ಕರೆದು ಕೂರಿಸಿದರು. ಕಾಫಿ ಆರುವವರೆಗೂ ಮೂವರೂ ಮಾತಾಡಿದೆವು. ಹಿಮ ಕರಗಲಿ ಅಂತ ಮೆಟ್ಟಿಲಿಗೆ ಉಪ್ಪು ಹಾಕುವುದು, ಅಜ್ಜಿಗೆ ಜಾರದ ಬೂಟು ತರುವುದು, ನಾನು ಬಾಗಿಲ ಒಳಗೆ ನಿಂತಿರುವುದು ಅಂತಾಯಿತು. "ಒಳಗೇ ಇರ್ಬೇಕು ಇವಳು. ಹೊರಗೆ ಕಾಲಿಟ್ರೆ ಇನ್ನೊಂದು ದೂರು ಹಾಕ್ತೀನಿ" ಅಂದಳು ಅಜ್ಜಿ.

ಬೀಗ ತೆಗೆದೆ. ಮೊನ್ನೆ ಗುರುವಾರ ಲಾರಿಯವನು ಉದ್ದಕ್ಕೆ ಹಾರ್ನ್ ಒತ್ತಿದ. ನನಗೆ ಎಚ್ಚರಿಕೆಯ ಪತ್ರ ಸಿಕ್ಕಿದೆ, ಭಾನುವಾರದ ಪಾಳಿಗಳನ್ನೆಲ್ಲ ಲೈಲ್ ನನ್ನ ತಲೆಗೇ ಕಟ್ಟಿದ್ದಾನೆ. ಇನ್ನು ನಿನ್ನ ಮನೆಯ ಭಾನುವಾರದ ಊಟಕ್ಕೆ ಬರಲಾಗುವುದಿಲ್ಲ. ಅದೊಂದೇ ಬೇಜಾರು.

ನಿನ್ನ ದಣಿದ ತಂಗಿ,
ಮಾರ್ಲಾ

ಮರೆತಿದ್ದೆ: ಅಜ್ಜಿಗೆ ಆ ಅಧಿಕಾರಿಯ ನಂಬರ್ ಒತ್ತಿಕೊಟ್ಟವರು ಯಾರು ಅಂತ ಲೈಲ್ ಇನ್ನೂ ಹುಡುಕುತ್ತಿದ್ದಾನೆ. ಕೇಳಿದರೆ ಒತ್ತಿಕೊಡಲೇಬೇಕು, ನಮ್ಮಲ್ಲಿ ಅದೇ ನಿಯಮ. ಅವಳು ನನ್ನನ್ನೇ ಕೇಳಿದಳು. ದೂರು ಯಾರ ಮೇಲೆ ಅಂತ ಆ ಕಡೆಯಿಂದ ಕೇಳಿದಾಗ ಫೋನಿಗೆ ಕೈ ಅಡ್ಡ ಹಿಡಿದು, "ನಿನ್ ಪೂರ್ತಿ ಹೆಸರೇನೇ?" ಅಂದಳು. ಹೇಳಿದೆ.