ಹೆಬ್ಬೆರಳಿನಷ್ಟು ತುಕ್ಕು

ಮಾರ್ಚ್ 3, ಭಾನುವಾರ

ಒಲೆಯ ನಾಬ್ ಮತ್ತೊಮ್ಮೆ ನೋಡಿ ಬಂದೆ. ಆಫ್ ಇದೆ. ಹಿಂದಿನ ಬಾಗಿಲೂ ಹಾಕಿದೆ. ಮಳೆ ನಿಂತಿಲ್ಲ. ಈ ಕೊಲ್ಲಿಯಲ್ಲಿ ಜೂನಿನ ಬಿಸಿಲು ಬರುವ ತನಕ ಟವೆಲ್ ಒಣಗಿದರೆ ಪುಣ್ಯ.

ಕಾಲುಚೀಲ ಇಡಲು ವೆಂಡೆಲ್‌ನ ಡ್ರಾಯರ್ ಎಳೆದೆ. ಅವನ ಅಪ್ಪನ ರಿವಾಲ್ವರ್ ಚರ್ಮದ ಒರೆಯಲ್ಲಿ ಎಂದಿನ ಜಾಗದಲ್ಲೇ ಇತ್ತು. ಒರೆಯಿಂದ ಸ್ವಲ್ಪ ಹೊರಗೆ ಬಂದಿತ್ತು. ಒಳಗೆ ತಳ್ಳೋಣ ಎಂದು ಮುಟ್ಟಿದರೆ ಬೆರಳಿಗೆ ಕೆಂಪು ಪುಡಿ. ತುಕ್ಕು.

ವೆಂಡೆಲ್‌ನ ಪಿಸ್ತೂಲಿಗೆ ತುಕ್ಕು! ಚರ್ಚು ತಪ್ಪಿಸಿದರೂ ಭಾನುವಾರ ಅದನ್ನು ಒರೆಸುವುದು ತಪ್ಪಿಸದ ನನ್ನ ಗಂಡ. ಹಳೆಯ ಬನಿಯನ್ ಹಾಸಿ, ಎಣ್ಣೆ ಬಾಟಲಿ ಪಕ್ಕಕ್ಕಿಟ್ಟುಕೊಂಡು, ಎಳೆಗೂಸಿಗೆ ಎಣ್ಣೆ ನೀವುವ ಹಾಗೆ... ಜನವರಿಯಲ್ಲಿ ಟಾಯ್ವೊ ಮುಳುಗಿ ಸತ್ತ ಮೇಲೆ ಆ ಬನಿಯನ್ ಹಾಸಿದ್ದನ್ನೇ ನೋಡಿಲ್ಲ. ಒಂದೇ ದೋಣಿಯಲ್ಲಿ ಇಬ್ಬರೂ ಸಿಂಪಿ ತೆಗೆದು ತಲೆ ನರೆಸಿಕೊಂಡವರು. ಆ ದಿನ ಇವನಿಗೆ ಸೊಂಟ ನೋವು. ಅವನು ಒಬ್ಬನೇ ಹೋದ.

ಈಗ ಕುರ್ಚಿಯಲ್ಲಿ ಕೂತಿದ್ದಾನೆ. ಟಿವಿ ಓಡುತ್ತಿದೆ, ಸದ್ದಿಲ್ಲ. ತುಕ್ಕಿನ ವಿಷಯ ಹೇಳಬಾರದು. ಇರುವ ಭಾರ ಸಾಲದೇ? ನಾನೇ ತೆಗೆಯುತ್ತೇನೆ. ಆದರೆ ಉಜ್ಜಿ ಆ ನೀಲಿ ಮೆರುಗು ಹೋದರೆ? ಅವನ ಅಪ್ಪನ ಕಾಲದ್ದು. ಕಪ್ಪೋ ನೀಲಿಯೋ ಹೇಳಲಾಗದ, ಸಂಜೆಯ ನೀರಿನಂಥ ಬಣ್ಣ. ಒಂದು ಗೀರು ಬಿದ್ದರೂ ಅವನಿಗೆ ಗೊತ್ತಾಗುತ್ತದೆ.

ನಾಬ್ ನೋಡಿದೆನೇ? ನೋಡಿದೆ.

ಮಾರ್ಚ್ 5, ಮಂಗಳವಾರ

ಷೆಡ್‌ನಲ್ಲಿ ಚಿಪ್ಪಿನಿಂದ ಸಿಂಪಿ ಬಿಡಿಸುವ ಕೆಲಸ ಮುಗಿಸಿ ಹಾಗೇ ಐಲಿಯ ಅಂಗಡಿಗೆ. ಮುಂದೆ ಗಾಳದ ಹುಳು, ಹಿಂದೆ ಬಂದೂಕು. ಅವಳ ಅಪ್ಪನ ಕಾಲದಿಂದ ಊರಿನ ಬಂದೂಕೆಲ್ಲ ರಿಪೇರಿಯಾಗುವುದು ಅಲ್ಲೇ. ಎಂಬತ್ತರ ಹತ್ತಿರ ಬಂದಳು. ನಾಲಿಗೆಗೆ ಮಾತ್ರ ಇನ್ನೂ ಇಪ್ಪತ್ತು.

"ಏನ್ ಲೊರೀನ್, ಯಾರನ್ನ ಮುಗಿಸ್ಬೇಕು? ನಿಮ್ ಷೆಡ್ ಮೇಸ್ತ್ರೀನಾದ್ರೆ ಹೇಳು, ಪುಕ್ಕಟೆ ಮಾಡ್ಕೊಡ್ತೀನಿ."

"ತುಕ್ಕು ಹಿಡಿದಿದೆ ಐಲಿ. ಮೆರುಗು ಹೋಗದ ಹಾಗೆ ತೆಗೀಬೇಕು."

"ಚರ್ಮದ ಒರೇಲಿ ಇಟ್ಟಿದೀರಾ?"

"ಹೂಂ. ಯಾವಾಗ್ಲೂ ಅದರಲ್ಲೇ."

"ಗಂಡಸರ ಬುದ್ಧಿ. ಚರ್ಮ ತೇವ ಕುಡ್ಕೊಂಡು ಕೂತಿರತ್ತೆ. ಅದರಲ್ಲಿ ಕಬ್ಬಿಣ ಇಡೋದೂ ಒಂದೇ, ಮಗೂನ ಉಚ್ಚೆ ಬಟ್ಟೇಲಿ ಮಲಗ್ಸೋದೂ ಒಂದೇ."

ಹೇಳಿಕೊಟ್ಟಳು. ಮೊದಲು ಗುಂಡಿದೆಯಾ ಅಂತ ಗುಂಡು ತುಂಬುವ ಉರುಳೆ ಬಿಚ್ಚಿ ನೋಡಬೇಕು, ನೋಡಿ ಮತ್ತೆ ನೋಡಬೇಕು. ("ಅದನ್ನ ನಿನಗೆ ಕಲಿಸೋದೇನೂ ಬೇಡ ಬಿಡು. ದಾರಿ ಮಧ್ಯದಿಂದ ವಾಪಸ್ ಹೋಗಿ ಒಲೆ ನೋಡೋ ಹೆಂಗಸು.") ಆಮೇಲೆ ಎಣ್ಣೆ ಹಚ್ಚಿ ಬಿಡಬೇಕು. ನೆನೆಯಲಿ, ಅವಸರ ಬೇಡ. ಆಮೇಲೆ ಕಂಚಿನ ನಾರು — ಪಾತ್ರೆ ತಿಕ್ಕುವ ಉಕ್ಕಿನದ್ದಲ್ಲ. ಕಂಚು ಮೆತ್ತಗೆ, ತುಕ್ಕನ್ನು ಎತ್ತುತ್ತದೆ, ಮೆರುಗನ್ನು ಬಿಡುತ್ತದೆ. ಒತ್ತಬಾರದು. ಒರೆಸಿದ ಬಟ್ಟೆ ಕಂದಾದರೆ ತುಕ್ಕು ಬರುತ್ತಿದೆ ಅಂತ. ತುಕ್ಕಿದ್ದ ಕಡೆ ಬೆಳ್ಳಗೆ ಕಂಡಿತೋ, ಅಲ್ಲಿಗೇ ನಿಲ್ಲಿಸು.

"ವಿನೆಗರ್ ಮಾತ್ರ ಹತ್ರ ಸುಳೀಬಾರ್ದು. ಫೋನಲ್ಲಿ ನೋಡ್ಕೊಂಡು ಎಲ್ಲಾ ಅದನ್ನೇ ಸುರೀತಾರೆ. ತುಕ್ಕಿನ ಜೊತೆ ಮೆರುಗನ್ನೂ ತಿಂದ್ಹಾಕತ್ತೆ. ಆಮೇಲೆ ಇಡೀದಕ್ಕೆ ಹೊಸದಾಗಿ ಮೆರುಗು ಕಟ್ಬೇಕು. ನನ್ನ ಕೈಗೆ ಬಂದ್ರೆ ತಿಂಗಳುಗಟ್ಟಲೆ."

ನಾರು ಹುಡುಕಲು ಒಳಗೆ ಹೋದಳು. ಹಿಂದಿನ ಕೋಣೆಯಲ್ಲಿ ಹಸಿರು ಕಬ್ಬಿಣದ ಬೀರು ತೆರೆದಿತ್ತು. ಬಂದೂಕುಗಳು, ಪಿಸ್ತೂಲುಗಳು, ಒಂದೊಂದಕ್ಕೂ ಬಟ್ಟೆಯ ಪಟ್ಟಿ ಕಟ್ಟಿದೆ.

"ಮಾರೋಕಾ?"

"ಊರವರದ್ದು. ಇಟ್ಟು ಹೋಗಿದಾರೆ. ಮನೇಲಿ ಜಾಗ ಇಲ್ವಂತೆ."

"ಇಷ್ಟೊಂದು ಜನಕ್ಕಾ?"

"ಮನೆ ಭಣಭಣ ಅನ್ನೋವ್ರೂ ಹಾಗೇ ಹೇಳ್ತಾರೆ. ನಾನ್ ಕೇಳಕ್ಕೆ ಹೋಗಲ್ಲ. ಬೇಕಾದಾಗ ಬಂದು ತಗೊಂಡ್ಹೋಗ್ತಾರೆ."

ಮಾರ್ಚ್ 9, ಶನಿವಾರ

ವೆಂಡೆಲ್ ದೋಣಿ ನೋಡಿ ಬರುತ್ತೇನೆಂದು ಹೋದ. ನೋಡುವುದೇನಿದೆ? ದಡದಲ್ಲಿ ಮಗುಚಿ ಹಾಕಿದ ದೋಣಿ. ಹೋಗಲಿ, ಗಾಳಿಯಾದರೂ ಸೋಕಲಿ.

ಬಾಗಿಲ ಚಿಲಕ ಹಾಕಿದೆ. ಬನಿಯನ್ ಹಾಸಿದೆ. ಉರುಳೆ ಖಾಲಿ. ಮತ್ತೆ ನೋಡಿದೆ. ಖಾಲಿ. ಗುಂಡಿನ ಡಬ್ಬಿ ಡ್ರಾಯರಿನ ಮೂಲೆಯಲ್ಲೇ ಇದೆ.

ಎಣ್ಣೆ ಹಚ್ಚಿ ಬಿಟ್ಟೆ. ಅಷ್ಟರಲ್ಲಿ ಆಲೂಗಡ್ಡೆ ಸುಲಿದೆ. ಆಮೇಲೆ ನಾರು. ಒತ್ತಬಾರದು ಎಂದುಕೊಂಡಷ್ಟೂ ಒತ್ತಿಬಿಡುತ್ತೇನೇನೋ ಎಂಬ ದಿಗಿಲು. ಬಟ್ಟೆ ಕಂದಾಯಿತು. ಇನ್ನಷ್ಟು ಕಂದು. ಆಮೇಲೆ ಏನೂ ಇಲ್ಲ. ಕೆಳಗೆ ನೀಲಿ ಹಾಗೇ ಇದೆ! ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ಒಂದು ಗೀರೂ ಇಲ್ಲ.

ಒರೆ ಬೇಡ. ಎಣ್ಣೆ ಬಟ್ಟೆಯಲ್ಲಿ ಸುತ್ತಿಟ್ಟೆ.

ಇಷ್ಟು ದಿನದಲ್ಲಿ ಇದೊಂದು ಕೆಲಸ ಸರಿಯಾಗಿ ಆಯಿತು.

ಮಾರ್ಚ್ 17, ಭಾನುವಾರ

ಮತ್ತೆ ಬಂದಿದೆ. ಅದೇ ಜಾಗ, ಹಿಡಿಯ ಮೇಲ್ಗಡೆ, ಬಲಬದಿಗೆ. ಒಂದು ಹೆಬ್ಬೆರಳಿನಷ್ಟು.

ಐಲಿಗೆ ಫೋನ್ ಮಾಡಿದೆ. "ಒರೆ ತೆಗೆದೆ ಐಲಿ. ಆದ್ರೂ ಬಂತು."

"ನೀನು ದಿನಾ ತೆಗೆದು ನೋಡ್ತೀಯಾ?"

"ದಿನಾ ಏನಿಲ್ಲ... ಹೂಂ. ದಿನಾ."

ನಕ್ಕಳು. "ನಿನ್ನ ಕೈ ಬೆವರು ಕಣೇ ಅದು. ಕೆಲವರ ಬೆವರು ಹಾಗಿರತ್ತೆ, ಉಪ್ಪು ಜಾಸ್ತಿ. ಮುಟ್ಟಿದ ಕಬ್ಬಿಣಕ್ಕೆಲ್ಲ ತುಕ್ಕು. ನಮ್ಮಪ್ಪ ಅಂಥವ್ರ ಕೈ ಕುಲುಕಿದ ಮೇಲೆ ತನ್ನ ಉಳಿ ಮುಟ್ತಿರಲಿಲ್ಲ. ಚಿಂತೆ ಮಾಡೋವ್ರಿಗೆ ಬೆವರೂ ಜಾಸ್ತಿ. ಗವಸು ಹಾಕ್ಕೋ. ಇಲ್ಲಾ, ಚಿಂತೆ ಬಿಡು."

ಗವಸು ಹಾಕಿಕೊಳ್ಳುವುದೇ ಸುಲಭ. ಷೆಡ್‌ನಿಂದ ತೆಳು ರಬ್ಬರಿನದ್ದು ತಂದುಕೊಳ್ಳುತ್ತೇನೆ.

ಎಲ್ಲ ನನ್ನಿಂದಲೇ. ಕಾಯುತ್ತೇನೆಂದು ಹೋಗಿ ನಾನೇ ಕೆಡಿಸುತ್ತಿದ್ದೆ.

ಮಾರ್ಚ್ 19, ಮಂಗಳವಾರ

ತುಕ್ಕು ತೆಗೆದೆ. ಗವಸು ಹಾಕಿಕೊಂಡೇ. ಮೆರುಗಿಗೆ ಏನೂ ಆಗಿಲ್ಲ.

ವೆಂಡೆಲ್ ಊಟ ಅರ್ಧಕ್ಕೆ ಬಿಟ್ಟ. ಮೀನಿನ ಸಾರು ಅವನಿಗಿಷ್ಟ. ಉಪ್ಪು ಹೆಚ್ಚಾಯಿತೇನೋ ಎಂದು ಕೇಳಿದೆ. "ಇಲ್ಲ, ಚೆನ್ನಾಗಿದೆ" ಅಂದ. ತಟ್ಟೆ ತಾನೇ ತೊಳೆದಿಟ್ಟ. ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 6, ಶನಿವಾರ

ಬರೆಯದೆ ಎಷ್ಟೋ ದಿನವಾಯಿತು. ಬರೆಯುವಂಥದ್ದು ಏನೂ ಇರಲಿಲ್ಲ, ಎಲ್ಲ ಸರಿಹೋಗುತ್ತಿದೆ ಅಂದುಕೊಂಡಿದ್ದೆ.

ಬರಿಗೈಲಿ ಒಂದು ಸಲವೂ ಮುಟ್ಟಿಲ್ಲ. ದೇವರಾಣೆ. ಆದರೂ ಬೆಳಿಗ್ಗೆ ಪಿಸ್ತೂಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದರೆ ತುಕ್ಕು. ಅಲ್ಲೇ. ಬಟ್ಟೆಯನ್ನೂ ನಾನು ಮಡಿಸಿದ ಹಾಗೆ ಮಡಿಸಿರಲಿಲ್ಲ.

ಊಟದ ಚೀಲದಲ್ಲಿ ಹಾಕಿಕೊಂಡು ಐಲಿಯ ಹತ್ತಿರ ಹೋದೆ. ಗುಂಡಿನ ಡಬ್ಬಿಯನ್ನೂ ಒಯ್ದೆ. ಯಾಕೆ ಒಯ್ದೆನೋ. ಕೈಯೇ ತೆಗೆದುಕೊಂಡಿತು.

ಐಲಿ ಕನ್ನಡಕ ಹಾಕಿಕೊಂಡಳು. ಪಿಸ್ತೂಲನ್ನು ಬಲಗೈಯಲ್ಲಿ ಹಿಡಿದಳು. ಅವಳ ಹೆಬ್ಬೆರಳು ಎಡಬದಿಗೆ ಬಂತು. ತುಕ್ಕು ಇದ್ದದ್ದು ಬಲಬದಿಯಲ್ಲಿ. ಎಡಗೈಗೆ ಬದಲಾಯಿಸಿದಳು. ಹೆಬ್ಬೆರಳು ತುಕ್ಕಿನ ಮೇಲೆ ಮುಚ್ಚಳ ಕೂತ ಹಾಗೆ ಕೂತಿತು.

ತಮಾಷೆ ಮಾಡಲಿಲ್ಲ. ಅವಳು ತಮಾಷೆ ಮಾಡದೆ ಇದ್ದದ್ದನ್ನು ನಾನು ಇದುವರೆಗೆ ನೋಡಿರಲಿಲ್ಲ.

"ನೀನು ಬಲಗೈಯವಳಲ್ವಾ?"

"ಹೂಂ."

"ವೆಂಡೆಲ್?"

ಎಡಗೈಯವನು. ಅವಳಿಗೂ ಗೊತ್ತು. ಊರಿಗೇ ಗೊತ್ತು. ಷೆಡ್‌ನಲ್ಲಿ ಪಕ್ಕ ಪಕ್ಕ ನಿಂತು ಸಿಂಪಿ ಬಿಡಿಸುವಾಗ ಅವನ ಎಡ ಮೊಣಕೈ ನನ್ನ ಬಲ ಮೊಣಕೈಗೆ ತಾಗಿ ತಾಗಿಯೇ ನಮ್ಮ ಮದುವೆಯಾದದ್ದು.

"ಇದು ತೆಗೆದು ನೋಡಿ ಇಟ್ಟಿದ್ದಲ್ಲ ಲೊರೀನ್. ಹಿಡ್ಕೊಂಡು ಕೂತಿದ್ದು. ಬಹಳ ಹೊತ್ತು. ಬಹಳ ಸಲ." ಬೀರುವಿನ ಕಡೆ ಕೈ ತೋರಿಸಿದಳು. "ಇಟ್ಟು ಹೋಗು. ನಾನೇನೂ ಕೇಳಲ್ಲ."

"ಅವನ ಅಪ್ಪನದು. ಕೇಳದೆ ಹ್ಯಾಗೆ... ಕದ್ದ ಹಾಗಾಗಲ್ವಾ? ಇನ್ನೂ ಕುಗ್ಗಿ ಹೋಗ್ತಾನೆ."

"ಹಾಗಾದ್ರೆ ಕೇಳು."

"ಏನಂತ ಕೇಳ್ಲಿ?"

ಗುಂಡಿನ ಡಬ್ಬಿ ಐಲಿಯೇ ಎತ್ತಿಟ್ಟುಕೊಂಡಳು. ಚೀಟಿಯಲ್ಲಿ ಒಂದು ಫೋನ್ ನಂಬರ್ ಬರೆದುಕೊಟ್ಟಳು. ಬದುಕು ಬೇಡ ಅನ್ನಿಸಿದವರ ಜೊತೆ ಮಾತಾಡುವವರದ್ದಂತೆ, ಅವಳ ತಮ್ಮ ಆ ನಂಬರಿಗೆ ಫೋನ್ ಮಾಡುತ್ತಿದ್ದನಂತೆ. ಹಸಿರು ಬೀರುವಿನಲ್ಲಿ ಮೊದಲು ಇಟ್ಟದ್ದು ಅವನದ್ದೇ ಅಂತ ಇವತ್ತು ಹೇಳಿದಳು.

ಪಿಸ್ತೂಲು ಈಗ ಒಗೆಯುವ ಬಟ್ಟೆಯ ಬುಟ್ಟಿಯ ತಳದಲ್ಲಿದೆ. ಅಲ್ಲಿಗೆ ಗಂಡಸರು ಕೈ ಹಾಕುವುದಿಲ್ಲ. ಆದರೂ ಗುಂಡು ಪೇಟೆಯಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ.

ಇಷ್ಟು ವರ್ಷ ಒಲೆಗೆ ಹೆದರಿದೆ. ಬಾಗಿಲಿಗೆ ಹೆದರಿದೆ. ಹೆದರಬೇಕಾದ್ದು ಇಲ್ಲೇ ಕುರ್ಚಿಯಲ್ಲಿ ಕೂತಿತ್ತು.

ಏಪ್ರಿಲ್ 7, ಭಾನುವಾರ

ಬೆಳಿಗ್ಗೆ ಡ್ರಾಯರ್ ಎಳೆದ ಸದ್ದು. ಮುಚ್ಚಿದ ಸದ್ದು ಬಹಳ ಹೊತ್ತು ಬರಲಿಲ್ಲ. ಆಮೇಲೆ ಅಡುಗೆಮನೆಗೆ ಬಂದ. "ಕಾಫಿ ಇದೆಯಾ?" ಅಂದ. ಬೇರೇನೂ ಕೇಳಲಿಲ್ಲ.

ಅವನು ಕುರ್ಚಿಯಲ್ಲಿ ಕಣ್ಣು ಮುಚ್ಚಿದಾಗ ಬುಟ್ಟಿ ಎತ್ತಿಕೊಂಡು ಹಿಂದಿನ ಕೊಟ್ಟಿಗೆಗೆ ಹೋದೆ. ವಿನೆಗರ್ ಬಾಟಲಿಯನ್ನೂ ಒಯ್ದೆ. ಸೌತೆಕಾಯಿ ಉಪ್ಪಿನಕಾಯಿಗೆ ಅಂತ ತಂದಿದ್ದದ್ದು. ಚಿಂದಿ ನೆನೆಸಿ ಇಡೀ ಪಿಸ್ತೂಲಿಗೆ ಸುತ್ತಿದೆ.

ಬಿಚ್ಚಿದಾಗ ನೀಲಿ ಹೋಗಿತ್ತು. ಚಿಂದಿ ಕಪ್ಪಗೆ. ಕಬ್ಬಿಣ ಬೂದಿ ಬಣ್ಣಕ್ಕೆ, ತೇಪೆ ತೇಪೆ, ನೀರಲ್ಲಿ ಬಿದ್ದವರ ಮೈಯಂತೆ. ತಿಂಗಳೆಲ್ಲ ಉಸಿರು ಬಿಗಿಹಿಡಿದು ಕಾಪಾಡಿದ್ದು. ಅಲ್ಲೇ ಕೂತು ಅತ್ತೆ. ಆಮೇಲೆ ಒಳಗೆ ತಂದು ಅವನ ಮುಂದೆ ಇಟ್ಟೆ.

"ನಿಮ್ಮಪ್ಪನ ಪಿಸ್ತೂಲು ಹಾಳು ಮಾಡ್ಬಿಟ್ಟೆ ವೆಂಡೆಲ್."

ನೋಡಿದ. "ಏನ್ ಹಚ್ಚಿದೆ?"

"ವಿನೆಗರ್. ತುಕ್ಕು ಬಂದಿತ್ತು."

"ವಿನೆಗರ್ ಹಚ್ಚು ಅಂತ ಯಾರ್ ಹೇಳಿದ್ರು?"

"ಯಾರೂ ಹೇಳಿಲ್ಲ."

"ಲೊರೀನ್. ನೀನು ಗ್ಲಾಸ್ ತೊಳೆಯೋಕೆ ಮುಂಚೆ ಸೋಪಿನ ಡಬ್ಬಿ ಮೇಲಿಂದು ಓದೋಳು."

ಕೈಯಲ್ಲಿ ಗವಸು ಹಾಗೇ ಇತ್ತು. ಗವಸನ್ನು ನೋಡಿದ. ಆಮೇಲೆ ಪಿಸ್ತೂಲನ್ನು. ಎಡ ಹೆಬ್ಬೆರಳಿನಿಂದ ಆ ಜಾಗವನ್ನು ಸವರಿದ — ಈಗ ಅಲ್ಲಿ ತುಕ್ಕೂ ಇಲ್ಲ, ನೀಲಿಯೂ ಇಲ್ಲ.

"ಐಲಿಗೆ ಕೊಡ್ತೀನಿ," ಅಂದೆ. "ಹೊಸದಾಗಿ ಮೆರುಗು ಕಟ್ಟಿ ಕೊಡ್ತಾಳೆ. ತಿಂಗಳುಗಟ್ಟಲೆ ಆಗತ್ತಂತೆ."

"ತಿಂಗಳುಗಟ್ಟಲೆ," ಅಂದ.

"ಹೂಂ."

ಟಿವಿ ಕಡೆ ತಿರುಗಿದ.

ಏಪ್ರಿಲ್ 8, ಸೋಮವಾರ

ಐಲಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಅಯ್ಯೋ ಪಾಪಿ! ಇದಕ್ಕೇನು ಉಪ್ಪಿನಕಾಯಿ ಹಾಕಿದ್ಯೇನೇ?" ಆಮೇಲೆ ನನ್ನ ಮುಖ ನೋಡಿದಳು. "ನನ್ನ ಜೀವಮಾನದಲ್ಲಿ ಇಷ್ಟು ಚೆನ್ನಾಗಿ ಹಾಳು ಮಾಡಿದ್ದನ್ನ ನೋಡಿಲ್ಲ ಹುಡುಗಿ" ಅಂದು ಬಟ್ಟೆಯ ಪಟ್ಟಿ ಕಟ್ಟಿ ಬೀರುವಿನಲ್ಲಿಟ್ಟಳು.

ಏಪ್ರಿಲ್ 13, ಶನಿವಾರ

ಅವನು ಬಚ್ಚಲಿಗೆ ಹೋದರೂ ನಾನು ಹೊರಗೆ ಏನೋ ಹುಡುಕುವವಳಂತೆ ನಿಲ್ಲುತ್ತೇನೆ. ಐಲಿಯ ಚೀಟಿಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೇನೆ. ಹೆಸರಿಲ್ಲ, ನಂಬರ್ ಅಷ್ಟೇ. ಹಾಲು ತೆಗೆಯುವಾಗ ಕಾಣಲಿ.

ಇವತ್ತು ಊಟದ ನಡುವೆ ತಾನಾಗಿ ಬಾಯಿ ಬಿಟ್ಟ. "ಆವತ್ತು ಸೊಂಟ ಅಷ್ಟೇನೂ ನೋಯ್ತಿರಲಿಲ್ಲ."

ನನ್ನ ಚಮಚ ನಿಂತಿತು.

"ಚಳಿ ಇತ್ತು. ಸೋಮಾರಿತನ. ಟಾಯ್ವೊ ಫೋನಲ್ಲಿ 'ಮಲ್ಕೊಳ್ಳೋ ಮುದ್ಕ, ನಿನ್ ಪಾಲಿಂದೂ ನಾನೇ ತೆಗೀತೀನಿ' ಅಂದ. ನಕ್ಕಿದ್ವಿ."

ಏನು ಹೇಳಬೇಕಿತ್ತು? ನಿನ್ನ ತಪ್ಪಲ್ಲ ಅಂದೆ. ಅದು ಅವನ ಕಿವಿಗೆ ಬೀಳಲೇ ಇಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ "ಐಲಿ ಶುರು ಮಾಡಿದ್ಲಾ?" ಅಂತ ಕೇಳಿದ.

"ಇನ್ನೂ ಇಲ್ಲ."

ಏಪ್ರಿಲ್ 19, ಶುಕ್ರವಾರ, ಮಧ್ಯಾಹ್ನ

ಷೆಡ್‌ನಿಂದ ಬಂದರೆ ಮನೆಯಲ್ಲಿಲ್ಲ. ಟ್ರಕ್ ಇಲ್ಲ. ಚೀಟಿ ಫ್ರಿಜ್ ಮೇಲಿಲ್ಲ. ದೋಣಿಯ ದಡಕ್ಕೆ ಓಡಿದೆ. ಅಲ್ಲೂ ಇಲ್ಲ. ಐಲಿ ಫೋನ್ ಎತ್ತುತ್ತಿಲ್ಲ. ಬರೆಯುತ್ತಿದ್ದೇನೆ, ಕೈಗೆ ಬೇರೇನು ಕೊಡಲಿ?

ಐಲಿಯೇ ಫೋನ್ ಮಾಡಿದಳು, ಈಗ. "ಗಾಬರಿ ಆಗ್ಬೇಡ. ಬಂದಿದ್ದ."

"ಪಿಸ್ತೂಲು ಕೊಟ್ಯಾ?"

"ಕೇಳಲಿಲ್ಲ. ಬೀರು ತೆಗಿ ಅಂದ. ತೆಗೆದೆ. ಮುಟ್ಲಿಲ್ಲ, ನಿಂತು ನೋಡ್ದ. ಕೆಲಸ ಇನ್ನೂ ಶುರು ಮಾಡಿಲ್ಲ ಕಣೋ ಅಂದೆ. ಮಾಡ್ಬೇಡ ಅಂದ. 'ನಾನೊಬ್ಬನೇ ಬಂದು ಕೇಳಿದ್ರೆ ಕೊಡ್ಬೇಡ ಐಲಿ. ಬೈದ್ರೂ ಕೊಡ್ಬೇಡ. ಲೊರೀನ್ ಜೊತೇಲಿದ್ರೆ ಮಾತ್ರ' ಅಂದ. ಪಟ್ಟಿ ಮೇಲೆ ನಿನ್ನ ಹೆಸರೂ ಬರೆಸಿ ಹೋದ."

ಅಂಗಳದಲ್ಲಿ ಟ್ರಕ್ ಸದ್ದು. ಎಂಜಿನ್ ನಿಂತಿತು. ಇಳಿಯುತ್ತಿಲ್ಲ. ಕಿಟಕಿಯಿಂದ ಕಾಣುತ್ತಿದೆ, ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದಾನೆ. ಒಂದು ಕೈಯಲ್ಲಿ ಚೀಟಿ.

ಒಲೆಯ ಮೇಲೆ ಸಾರಿದೆ, ಆರಿಸಿದೆನೋ ಇಲ್ಲವೋ. ಇರಲಿ. ಷೆಡ್ಡಿನ ಗವಸು ಇನ್ನೂ ಕೈಯಲ್ಲೇ ಇದೆ, ತೆಗೆದಿಟ್ಟು ಹೋಗುತ್ತೇನೆ, ಅವನ ಕೈ ಬರಿಗೈಲೇ ಹಿಡಿಯಬೇಕು.